ತಳ್ಳುವುದು ಕುಸ್ತಿಯಲ್ಲ

ಡೆರಿಕ್ ಓಲ್ಟ್‌ಮನ್ಸ್‌ನ ಮುಂಗೈ ಇಸಿದ್ರೊ ಸಲಾಸ್‌ನ ಕುತ್ತಿಗೆಯ ಹಿಂಭಾಗಕ್ಕೆ ಬಿದ್ದ ಸದ್ದು ಜಿಮ್ಮಿನ ಕೊನೆಯ ಸಾಲಿನವರೆಗೂ ಕೇಳಿಸಿತು. ಒಣ ಕೊರಡಿಗೆ ಕೊಡಲಿ ಬಿದ್ದಂಥ ಸದ್ದು. ಇಸಿದ್ರೊನ ಗದ್ದ ಎದೆಗೆ ಬಡಿಯಿತು. ಅವನು ತಲೆ ಎತ್ತುವಷ್ಟರಲ್ಲಿ ಇನ್ನೊಂದು ಬಿತ್ತು.

"ಕೈ ಹಗುರ ಮಾಡು, ಹಸಿರು" ಎಂದ ರೆಫರಿ ಎಲ್ಡನ್ ಹ್ರೂಸ್ಕಾ. ಊರಿನ ಶಾಲೆಯ ಹುಡುಗ ಹಸಿರು, ಹೊರಗಿನಿಂದ ಬಂದವನು ಕೆಂಪು. ಎಲ್ಡನ್‌ನ ಒಂದೊಂದು ಮಣಿಕಟ್ಟಿಗೆ ಒಂದೊಂದು ಬಣ್ಣದ ಪಟ್ಟಿಯಿತ್ತು. ಯಾವ ಪಟ್ಟಿಯ ಕೈ ಮೇಲೆದ್ದರೆ ಯಾರ ಲೆಕ್ಕ ಎಂಬುದು ಅಯೋವಾದ ಆ ಕೆಲ್ಸೊ ಫೋರ್ಕ್ ಊರಿನಲ್ಲಿ ಮೊಲೆ ಕುಡಿಯುವ ಕೂಸಿಗೂ ಗೊತ್ತಿತ್ತು.

ಫೆಬ್ರವರಿಯ ಶನಿವಾರ, ಮಧ್ಯಾಹ್ನ. ನೂರ ಎಪ್ಪತ್ತೊಂದು ಪೌಂಡು ತೂಕದವರಲ್ಲಿ ಎರಡನೆಯ ಸ್ಥಾನಕ್ಕೆ ಪಂದ್ಯ. ಗೆದ್ದವನು ರಾಜ್ಯಮಟ್ಟಕ್ಕೆ ಹೋಗುತ್ತಾನೆ, ಸೋತವನು ಮನೆಗೆ. ಇಬ್ಬರದೂ ಹೈಸ್ಕೂಲಿನ ಕೊನೆಯ ವರ್ಷ. ಮೊದಲ ಸುತ್ತಿನಲ್ಲಿ ಡೆರಿಕ್ ಎರಡು ಸಲ ಕಾಲಿಗೆ ನುಗ್ಗಿದ್ದ. ಎರಡು ಸಲವೂ ಇಸಿದ್ರೊ ಅವನ ಮೇಲೇ ಉರುಳಿ, ಹಿಂದೆ ಸುತ್ತಿ, ಕೆಡವಿ ನಾಲ್ಕು ಅಂಕ ತೆಗೆದಿದ್ದ. ಡೆರಿಕ್ ತಪ್ಪಿಸಿಕೊಂಡದ್ದಕ್ಕೆ ಒಂದೊಂದರಂತೆ ಎರಡು. ನಾಲ್ಕು-ಎರಡು. ಎರಡನೆಯ ಸುತ್ತಿನಲ್ಲಿ ಯಾರಿಗೂ ಅಂಕವಿಲ್ಲ. ಮೂರನೆಯದನ್ನು ನಿಂತು ಶುರು ಮಾಡುವುದೋ ಚಾಪೆಯ ಮೇಲೆ ಕೂತೋ ಎಂಬ ಆಯ್ಕೆ ಡೆರಿಕ್‌ನದು. ನಿಂತೇ ಆಡುತ್ತೇನೆ ಎಂದು ಕೈಸನ್ನೆ ಮಾಡಿದ.

ಎರಡು ನಿಮಿಷದ ಸುತ್ತು ಅದು. ಶುರುವಿನಿಂದಲೇ ಡೆರಿಕ್ ಹೊಡೆಯುತ್ತ ಮುಂದೆ ಬಂದ. ಕುತ್ತಿಗೆಗೆ ಒಂದು, ಹಣೆಗೆ ಹಣೆ ಒಂದು, ಆಮೇಲೆ ಎದೆಗೆ ಎರಡೂ ಅಂಗೈ ಇಟ್ಟು ತಳ್ಳು. ಇಸಿದ್ರೊ ಹಿಂದೆ ಹಿಂದೆ ಹೋದ. ಅವನ ಹಿಮ್ಮಡಿ ಚಾಪೆಯ ಅಂಚಿನ ಗೆರೆ ದಾಟಿತು. ಎಲ್ಡನ್ ಸೀಟಿ ಊದಿ ಇಬ್ಬರನ್ನೂ ಮಧ್ಯಕ್ಕೆ ಕರೆದ.

"ಓಡ್ತಾವ್ನೆ! ಓಡ್ತಾವ್ನೆ!" ಎಂದು ಊರಿನವರ ಕಡೆಯ ಗ್ಯಾಲರಿ ಕಾಲು ಬಡಿಯಿತು.

ಮೊದಲ ಸಾಲಿನಲ್ಲಿ ಡೆರಿಕ್‌ನ ಅಪ್ಪ ಕರ್ಟ್ ಎದ್ದು ನಿಂತಿದ್ದ. ಹಂದಿ ಸಾಕಣೆಯವನು, ಬಾಗಿಲಗಲದ ಆಸಾಮಿ. ಎಲ್ಡನ್ ಜೊತೆಗೇ ಇದೇ ಜಿಮ್ಮಿನಲ್ಲಿ ಕುಸ್ತಿ ಆಡಿ ಬೆಳೆದವನು. "ಲೇ ಎಲ್ಡನ್! ಕಣ್ಣು ಬಸ್ ಗ್ಯಾರೇಜಲ್ಲಿ ಬಿಟ್ಟು ಬಂದಿದೀಯೇನೋ? ಕೆಂಪಿನವನು ಮನೆ ದಾರಿ ಹಿಡಿದವ್ನೆ, ನೋಡು!"

ವಾರವೆಲ್ಲ ಶಾಲೆ ಬಸ್ಸುಗಳ ಕೆಳಗೆ ಮಲಗಿ ರಿಪೇರಿ ಮಾಡುವ ಎಲ್ಡನ್‌ಗೆ ಐವತ್ತೊಂದು. ಇಪ್ಪತ್ತು ವರ್ಷದಿಂದ ರೆಫರಿ. ಕಾಲಹರಣ ಕಂಡರೆ ಅವನಿಗೆ ಆಗದು. ಅಂಕದಲ್ಲಿ ಮುಂದಿದ್ದೇನೆಂದು ಕುಸ್ತಿ ಬಿಟ್ಟು ಗಡಿಯಾರ ನೋಡಿಕೊಂಡು ತಿರುಗುವ ಹುಡುಗ ಎದುರಾಳಿಯ ಹೊತ್ತನ್ನು ಕದಿಯುವ ಕಳ್ಳ ಎಂದೇ ಅವನ ಲೆಕ್ಕ. ಅಂಥವನಿಗೆ ಮೊದಲ ಸಲ ಬರೀ ಎಚ್ಚರಿಕೆ. ಎರಡನೆಯದಕ್ಕೆ ಎದುರಾಳಿಗೆ ಒಂದು ಅಂಕ, ಮೂರನೆಯದಕ್ಕೆ ಇನ್ನೊಂದು, ನಾಲ್ಕನೆಯದಕ್ಕೆ ಎರಡು. ಐದನೆಯದಕ್ಕೆ ಪಂದ್ಯದಿಂದಲೇ ಹೊರಗೆ. ಬೇರೆ ರೆಫರಿಗಳು ಎರಡನೆಯದಕ್ಕೇ ಕೈ ಎತ್ತಲು ಹೆದರುತ್ತಿದ್ದರು. ಎಲ್ಡನ್ ಹೆದರುತ್ತಿರಲಿಲ್ಲ.

ಕೆಂಪು ಪಟ್ಟಿಯ ಕೈ ಮುಷ್ಟಿ ಬಿಗಿದು ಮೇಲೆದ್ದಿತು. ಎಚ್ಚರಿಕೆ. ಜನ ಹುಯಿಲೆಬ್ಬಿಸಿದರು.

ಮತ್ತೆ ಹೊಡೆತ, ಮತ್ತೆ ತಳ್ಳು. ಇಸಿದ್ರೊನ ಬಾಯಿಂದ ರಕ್ತ ಬೆರೆತ ಎಂಜಲು ಹಾರಿತು. ಎರಡು ಸಲ ಅವನು ಕೈ ಚಾಚಿ, ಸುಟ್ಟುಕೊಂಡವನಂತೆ ಹಿಂದಕ್ಕೆಳೆದುಕೊಂಡ. ಎಲ್ಡನ್‌ಗೆ ಅದು ಹಿಂಜರಿಕೆಯಾಗಿ ಕಂಡಿತು. ಅವರನ್ನು ಸುತ್ತುಹಾಕಿ ಆ ಬದಿಯಿಂದಲೂ ನೋಡಬೇಕಿತ್ತು. ಹೊಸ ರೆಫರಿಗಳಿಗೆ ಅವನೇ ಅದನ್ನು ಬಾಯಿ ನೋಯುವಷ್ಟು ಹೇಳಿಕೊಟ್ಟಿದ್ದ. ಆದರೆ ಬೆಳಗಿನಿಂದ ಹದಿನಾಲ್ಕು ಪಂದ್ಯ ನಡೆಸಿ ಅವನ ಎಡಮೊಣಕಾಲು ಕುಂಬಳಕಾಯಿಯಂತೆ ಊದಿತ್ತು. ನಿಂತಲ್ಲೇ ನಿಂತ.

ಮುಷ್ಟಿ ಎದ್ದಿತು. ಹಸಿರಿಗೆ ಒಂದು ಅಂಕ. ನಾಲ್ಕು-ಮೂರು.

ಅರೆ ನಿಮಿಷದೊಳಗೆ ಇಸಿದ್ರೊ ಮತ್ತೆ ಅಂಚಿನಲ್ಲಿದ್ದ, ಮುಖ ಪಕ್ಕಕ್ಕೆ ತಿರುಗಿಸಿ, ಬಲಗೈ ಹೊಟ್ಟೆಗೊತ್ತಿಕೊಂಡು. ಮುಷ್ಟಿ ಮೂರನೆಯ ಸಲ ಎದ್ದಿತು. ನಾಲ್ಕು-ನಾಲ್ಕು. ಜಿಮ್ಮಿನ ಸೂರು ಹಾರಿಹೋಗುವಂಥ ಕೂಗು.

ಮಧ್ಯಕ್ಕೆ ಬಂದು ನಿಂತ ಹುಡುಗನ ಬಲಗೈಯನ್ನು ಎಲ್ಡನ್ ಆಗ ನೋಡಿದ. ಕಿರುಬೆರಳು ಮತ್ತು ಅದರ ಪಕ್ಕದ್ದು ಅಂಗೈಗೆ ಸೇರಿದವೇ ಅಲ್ಲ ಎಂಬಂತೆ ಹೊರಕ್ಕೆ ತಿರುಗಿ ನಿಂತಿದ್ದವು. ಬುಡದಲ್ಲಿ ನೇರಳೆ ಬಣ್ಣ ಏರುತ್ತಿತ್ತು.

ಸೀಟಿ ಊದಿದ. ಗಡಿಯಾರ ನಿಂತಿತು, ಐವತ್ತೆರಡು ಸೆಕೆಂಡು ಉಳಿದಿತ್ತು.

"ಹೇಗಾಯ್ತಿದು?"

"ಹಿಡಿದು ತಿರುವಿದ, ಸರ್" ಎಂದ ಇಸಿದ್ರೊ. ದನಿಯಲ್ಲಿ ದೂರಿರಲಿಲ್ಲ, ಉಸಿರೂ ಇರಲಿಲ್ಲ.

"ಯಾವಾಗ?"

"ಎರಡು ಸಲ. ನೀವು ಈ ಕಡೆ ಇದ್ರಿ."

ಅವನ ಕೋಚ್ ಓಡಿ ಬಂದು ಕೈ ನೋಡಿ ಹಲ್ಲು ಕಚ್ಚಿದ. "ಸಾಕು ಕಣೋ, ನಿಲ್ಲಿಸೋಣ."

"ಬೇಡ. ಎರಡನ್ನೂ ಸೇರಿಸಿ ಕಟ್ಟಿ."

"ಹುಚ್ಚನಾ ನೀನು?"

"ಕಟ್ಟಿ ಅಂದೆನಲ್ಲ!"

ಬ್ಯಾಂಡೇಜಿನವಳು ಬೆರಳುಗಳನ್ನು ನೆಟ್ಟಗೆ ಎಳೆದು ಕಟ್ಟುವಾಗ ಹುಡುಗ ಕಿರುಚಲಿಲ್ಲ. ಗ್ಯಾಲರಿಯ ಇನ್ನೊಂದು ಮೂಲೆಯಲ್ಲಿ ಅವನ ತಾಯಿ ಎರಡೂ ಕೈ ಬಾಯಿಗೆ ಒತ್ತಿಕೊಂಡಿದ್ದಳು.

ಬೆರಳು ತಿರುವುವುದು ನಿಯಮಬಾಹಿರ, ಆದರೆ ಕಣ್ಣಾರೆ ಕಾಣದ ತಪ್ಪಿಗೆ ಶಿಕ್ಷೆ ಕೊಡುವಂತಿಲ್ಲ. ಎತ್ತಿದ ಮುಷ್ಟಿಯನ್ನು ಇಳಿಸಬಹುದು, ಕೊಟ್ಟ ಅಂಕವನ್ನು ಇಳಿಸುವಂತಿಲ್ಲ. ಹುಡುಗ ಹಿಂದೆ ಸರಿದದ್ದು ಗಡಿಯಾರಕ್ಕಾಗಿ ಅಲ್ಲ, ನೋವಿಗೆ. ಇನ್ನೊಂದು ಸಲ ಅವನ ಮೇಲೆ ಮುಷ್ಟಿ ಎತ್ತಿದರೆ ಹಸಿರಿಗೆ ಎರಡು ಅಂಕ, ಪಂದ್ಯವೇ ಮುಗಿದಂತೆ. ಅದು ಜಿಮ್ಮಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಡೆರಿಕ್‌ಗೂ.

ಸೀಟಿ. ಈ ಸಲ ಎಲ್ಡನ್ ಮೊಣಕಾಲಿಗೆ ಶಾಪ ಹಾಕುತ್ತ ಅವರ ಸುತ್ತ ಸುತ್ತಿದ. ಕೈಗಳನ್ನು ನೋಡಿದ. ಆಮೇಲೆ ಸೊಂಟಗಳನ್ನು ನೋಡಿದ. ನಿಜವಾಗಿ ಪಟ್ಟು ಹಾಕುವವನ ಸೊಂಟ ತಗ್ಗುತ್ತದೆ. ತಗ್ಗದೆ ಯಾವ ಕಾಲಿಗೂ ನುಗ್ಗಲಾಗದು. ಡೆರಿಕ್‌ನ ಸೊಂಟ ತಗ್ಗುತ್ತಿರಲಿಲ್ಲ. ಈ ಸುತ್ತಿನಲ್ಲಿ ಒಂದು ಸಲವೂ ತಗ್ಗಿರಲಿಲ್ಲ, ಈಗ ನೆನೆದರೆ. ಅವನು ಹೊಡೆಯುತ್ತಿದ್ದ, ದೂಡುತ್ತಿದ್ದ, ಮುಂದೆ ಬರುತ್ತಿದ್ದ. ಕುಸ್ತಿ ಆಡುತ್ತಿರಲಿಲ್ಲ. ಎದುರಿನವನನ್ನು ಗೆರೆಯಾಚೆ ದಬ್ಬಿ, ರೆಫರಿಯ ಕೈ ಮೇಲೇಳಲೆಂದು ಕಾಯುತ್ತಿದ್ದ. ಅದೂ ಕಾಲಹರಣವೇ. ಮುಂದಕ್ಕೆ ನಡೆಯುವವನ ಕಾಲಹರಣ.

ಗೆರೆಯ ಬಳಿ ಡೆರಿಕ್ ಮತ್ತೆ ಎದೆಗೆ ಅಂಗೈ ಇಟ್ಟು ತಳ್ಳಿದ. ಎಲ್ಡನ್‌ನ ಹಸಿರು ಪಟ್ಟಿಯ ಕೈ ಮುಷ್ಟಿಯಾಗಿ ಮೇಲೆದ್ದಿತು.

ಒಂದು ಕ್ಷಣ ಜಿಮ್ಮಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಪಾಪ್‌ಕಾರ್ನಿನ ಡಬ್ಬ, ಐಸು ತುಂಬಿದ ಲೋಟ, ಯಾರದೋ ಟೊಪ್ಪಿ ಚಾಪೆಯ ಮೇಲೆ ಬಂದು ಬಿದ್ದವು.

"ನಮ್ಮೋನು ಮುಂದಕ್ಕೆ ಹೋಗ್ತಾವ್ನಲ್ಲೋ ಬೇಕೂಫ!" ಕರ್ಟ್‌ನ ದನಿ ಒಡೆದಿತ್ತು. "ಮುಂದಕ್ಕೆ ಹೋಗೋನಿಗೂ ಎಚ್ಚರಿಕೆನಾ?"

ಇಸಿದ್ರೊ ಒಂಟಿಗೈಯಲ್ಲೇ ಕಾಲಿಗೆ ನುಗ್ಗಿದ. ಡೆರಿಕ್ ಅವನ ಬೆನ್ನ ಮೇಲೆ ಭಾರ ಹಾಕಿ, ಮುಂಗೈ ಎಲುಬನ್ನು ಮೂಗಿನ ಮೇಲೆ ಅಡ್ಡಲಾಗಿ ಒತ್ತಿ ಎಳೆದ. ಮೂಗಿನಲ್ಲಿ ಏನೋ ಚಟ್ ಎಂದಿತು. ರಕ್ತ ಚಾಪೆಗೆ ಧಾರೆಯಾಗಿ ಸುರಿಯಿತು. ಅದು ನಿಯಮದೊಳಗಿನ ಪಟ್ಟೇ. ಎಲ್ಡನ್ ಆಟ ನಿಲ್ಲಿಸಿ, ಮೂಗಿಗೆ ಹತ್ತಿ ತುರುಕಿಸಿ, ಚಾಪೆ ಒರೆಸಿಸಿ ಇಬ್ಬರನ್ನೂ ಮತ್ತೆ ಎದುರುಬದುರು ನಿಲ್ಲಿಸಿದ. ಇಸಿದ್ರೊ ಬಾಯಲ್ಲಿ ಉಸಿರಾಡುತ್ತ ಮತ್ತೆ ನುಗ್ಗಿದ. ಡೆರಿಕ್ ಕೊಡವಿ ಹಾಕಿದ. ಮತ್ತೆ ನುಗ್ಗಿದ.

ಹನ್ನೆರಡು ಸೆಕೆಂಡು ಉಳಿದಿದ್ದಾಗ ಡೆರಿಕ್ ಅವನ ಭುಜಕ್ಕೆ ತಲೆ ಕೊಟ್ಟು, ಗೂಳಿ ಬೇಲಿಗೆ ನುಗ್ಗುವಂತೆ ಅಂಚಿನವರೆಗೂ ದೂಡಿಕೊಂಡು ಹೋಗಿ ಗೆರೆಯಾಚೆ ಬಿಸಾಡಿದ. ಬಿಸಾಡಿ, ಬೆರಳು ಮಾಡಿ ತೋರಿಸುತ್ತ ಎಲ್ಡನ್ ಕಡೆ ತಿರುಗಿದ. ನಾಲ್ಕನೆಯದು, ಕೊಡು ಎಂಬಂತೆ.

ಎಲ್ಡನ್ ಹಸಿರು ಮುಷ್ಟಿ ಎತ್ತಿದ. ಆಮೇಲೆ ಕೆಂಪು ಪಟ್ಟಿಯ ಕೈಯಲ್ಲಿ ಒಂದು ಬೆರಳು.

ಐದು-ನಾಲ್ಕು. ಕೆಂಪು ಮುಂದೆ.

ಉಳಿದ ಆರು ಸೆಕೆಂಡನ್ನು ಇಸಿದ್ರೊ ಡೆರಿಕ್‌ನ ತೊಡೆಗೆ ಎರಡೂ ತೋಳು ಸುತ್ತಿ, ಕಚ್ಚಿ ಹಿಡಿದ ನಾಯಿಯಂತೆ ನೇತಾಡಿ ಕಳೆದ. ಗಂಟೆ ಹೊಡೆಯಿತು. ಎಲ್ಡನ್ ಅವನ ಎಡಗೈ ಹಿಡಿದು ಎತ್ತಿದ.

ಕರ್ಟ್ ಓಲ್ಟ್‌ಮನ್ಸ್ ಅಂಕದ ಮೇಜನ್ನು ಬಳಸಿ ಬರಲಿಲ್ಲ, ಹಾರಿ ಬಂದ. ಗಡಿಯಾರದ ತಂತಿ ಕಿತ್ತು ಬಂತು. ಎಲ್ಡನ್ ತಿರುಗುವಷ್ಟರಲ್ಲಿ ಮೊದಲ ಗುದ್ದು ಹುಬ್ಬಿಗೆ ಬಿದ್ದು ಚರ್ಮ ಸೀಳಿತು. ಎರಡನೆಯದಕ್ಕೆ ಅವನು ಅಂಗಾತ ಬಿದ್ದ. ಸೀಟಿ ಹಲ್ಲಿಗೆ ಬಡಿದು ಒಂದು ಹಲ್ಲು ನಾಲಿಗೆಯ ಮೇಲೆ ಉರುಳಿತು.

"ಮೂರು ಆ ಕಡೆ, ಎರಡು ಈ ಕಡೆ! ತಕ್ಕಡಿ ತೂಗ್ತೀಯೇನೋ ನನ್ ಮಗನ ಮೇಲೆ?" ಒಂದೊಂದು ಮಾತಿಗೂ ಒಂದೊಂದು ಒದೆ. ಕೊಟ್ಟಿಗೆಯ ಬೂಟಿನ ಕಬ್ಬಿಣದ ಮೂತಿ ಪಕ್ಕೆಲುಬಿಗೆ ಇಳಿಯಿತು. ಒಳಗೆ ಏನೋ ಮುರಿದು ಶ್ವಾಸ ಸಿಕ್ಕಿಕೊಂಡಿತು. ಇಬ್ಬರು ಕೋಚುಗಳು ಕರ್ಟ್‌ನ ತೋಳಿಗೆ ಜೋತುಬಿದ್ದರು. ಅವನು ಒಬ್ಬನನ್ನು ಮೇಜಿಗೆ ಅಪ್ಪಳಿಸಿ, ಇನ್ನೊಬ್ಬನ ಮೂತಿಗೆ ಮೊಣಕೈ ಕೊಟ್ಟು ಮತ್ತೆ ಬೂಟು ಎತ್ತಿದ. ಈ ಸಲ ತಲೆಗೆ.

ಎಲ್ಡನ್ ರಕ್ತದ ಪರದೆಯ ಒಳಗಿಂದ ಮುಂದಿನದನ್ನು ಕಂಡ. ಡೆರಿಕ್‌ನ ಸೊಂಟ ತಗ್ಗಿತು. ಮೊಣಕಾಲು ನೆಲ ಸವರಿತು. ಭುಜ ಅಪ್ಪನ ಹೊಟ್ಟೆಗೆ ಹೊಕ್ಕಿತು, ಎರಡೂ ಕೈ ಮಂಡಿಗಳ ಹಿಂದೆ ಬೀಗ ಹಾಕಿದಂತೆ ಸೇರಿದವು. ಇನ್ನೂರ ಐವತ್ತು ಪೌಂಡಿನ ಕರ್ಟ್ ನೆಲ ಬಿಟ್ಟು ಎದ್ದ. ಚಾಪೆಯಾಚೆಯ ಬರೀ ಹಲಗೆಯ ಮೇಲೆ ಅವನ ಬೆನ್ನು ಬಿದ್ದಾಗ ಕತ್ತಿನ ಕೆಳಗಿನ ಎಲುಬು ಮುರಿದ ಸದ್ದು ಕೇಳಿಸಿತು.

ಡೆರಿಕ್ ಅಪ್ಪನ ಗಂಟಲ ಮೇಲೆ ಮುಂಗೈ ಊರಿ ಕೂತ. "ಸಾಕು! ಸಾಕಪ್ಪಾ! ಸಾಕು ಅಂದೆ!" ಅಪ್ಪ ಒದ್ದಾಡಿದ. ಮಗ ಇನ್ನೂ ಒತ್ತಿದ. ಪೊಲೀಸಿನವನು ಬಂದು ಮಗನ ಮುಂಗೈಯನ್ನು ಎಳೆದು ಬಿಡಿಸಬೇಕಾಯಿತು.

ಬಿದ್ದಲ್ಲೇ ಎಲ್ಡನ್‌ಗೆ ಅನ್ನಿಸಿತು: ದಮ್ಮಿತ್ತು ಇವನಲ್ಲಿ. ಇಷ್ಟು ಹೊತ್ತೂ ಇತ್ತು.

ಜಿಮ್ಮಿನ ಹಿಂದಿನ ಕೋಣೆಯಲ್ಲಿ ಅವನ ಹುಬ್ಬಿಗೆ ಏಳು ಹೊಲಿಗೆ ಹಾಕಿದರು. ಪಕ್ಕದ ಬೆಂಚಿನಲ್ಲಿ ಇಸಿದ್ರೊ ಕೈಗೆ ಐಸಿಟ್ಟುಕೊಂಡು ಕೂತಿದ್ದ, ಆಸ್ಪತ್ರೆಗೆ ಹೋಗಲು ತಾಯಿ ಕಾರು ತರುವುದನ್ನು ಕಾಯುತ್ತ.

"ನಾನು ನಿಜವಾಗ್ಲೂ ಓಡ್ತಿದೀನಿ ಅನ್ನಿಸ್ತಾ ನಿಮಗೆ?" ಎಂದ ಹುಡುಗ.

"ಅನ್ನಿಸ್ತು."

"ಮೂರೂ ಸಲ?"

"ಮೊದಲನೇದು ಸರಿ. ಆಗ ನೀನು ಗಡಿಯಾರ ನೋಡ್ತಿದ್ದೆ."

ಇಸಿದ್ರೊ ಹತ್ತಿ ತುಂಬಿದ ಮೂಗಿನಿಂದ ನಗುವಂಥದೇನನ್ನೋ ಮಾಡಿ ನೋವಿಗೆ ಕಣ್ಣು ಮುಚ್ಚಿದ. "ಒಂದು ಸಲ ನೋಡಿದೆ."

"ಉಳಿದೆರಡು ನನ್ನ ತಪ್ಪು" ಎಂದ ಎಲ್ಡನ್. "ಕಾಲು ನೋಯ್ತಾ ಇತ್ತು. ಆ ಕಡೆ ಬರ್ಲಿಲ್ಲ."

"ಅದನ್ನ ಸರಿ ಮಾಡೋಕೇ ಅವನಿಗೆ ಎರಡು ಮುಷ್ಟಿ ಕೊಟ್ರಾ?"

ಎಲ್ಡನ್ ಉತ್ತರಿಸುವ ಮೊದಲು ಬಾಗಿಲಲ್ಲಿ ಡೆರಿಕ್ ನಿಂತಿದ್ದ, ಕುಸ್ತಿಯ ಬಟ್ಟೆಯಲ್ಲೇ. ಅದರ ತುಂಬ ರಕ್ತ. ಅಪ್ಪನನ್ನು ಆಂಬುಲೆನ್ಸಿಗೆ ಏರಿಸಿ ಬಂದಿದ್ದ.

"ಇಲ್ಲ" ಎಂದ ಡೆರಿಕ್, ಇಸಿದ್ರೊನ ಕಡೆ ನೋಡದೆ. "ಸರಿಯಾಗೇ ಕೊಟ್ರು."

"ಆ ಪಟ್ಟು" ಎಂದ ಎಲ್ಡನ್, ಪಕ್ಕೆ ಹಿಡಿದುಕೊಂಡು, "ಅಪ್ಪನಿಗೆ ಹಾಕಿದ್ದು. ಅದನ್ನ ಇವನಿಗೆ ಯಾಕೋ ಹಾಕ್ಲಿಲ್ಲ?"

"ಮೊದಲ ಸುತ್ತಲ್ಲಿ ಎರಡು ಸಲ ಹಾಕಿದೆ. ಎರಡು ಸಲಾನೂ ಉರುಳಿಸಿಬಿಟ್ಟ." ಡೆರಿಕ್ ಬಾಗಿಲ ಚೌಕಟ್ಟಿಗೆ ಒರಗಿದ. "ಮತ್ತೆ ಹೋಗೋಕೆ ಭಯ ಆಯ್ತು. ಸೋತ್ರೆ ಮನೆಗೆ ಹೋಗ್ಬೇಕಲ್ಲ."

"ಬೆರಳು?"

"ಮನೇಲಿ ಕಲಿತದ್ದು." ತನ್ನ ಎಡಗೈ ಮುಂದೆ ಚಾಚಿದ. ಅದರ ಎರಡು ಬೆರಳುಗಳು ಎಂದೋ ಮುರಿದು, ಸೊಟ್ಟಗೆ ಕೂಡಿಕೊಂಡಿದ್ದವು.

ಇಸಿದ್ರೊ ಆ ಬೆರಳುಗಳನ್ನು ನೋಡಿದ. "ಹೋಗೋ ಆಚೆ" ಎಂದಷ್ಟೇ ಅಂದ. ಡೆರಿಕ್ ಹೋದ.

ಎರಡು ಪಕ್ಕೆಲುಬು ಮುರಿದಿದ್ದ ಎಲ್ಡನ್ ಭಾನುವಾರ ಕೂತು ಶಾಲಾ ಕ್ರೀಡಾ ಸಂಘಕ್ಕೆ ವರದಿ ಬರೆದ. ಕರ್ಟ್‌ನ ಹಲ್ಲೆಯ ಜೊತೆಗೆ ತನ್ನ ಎರಡು ತಪ್ಪು ಮುಷ್ಟಿಗಳನ್ನೂ ಬರೆದ. ಡೆರಿಕ್‌ನ ಸೊಟ್ಟ ಬೆರಳುಗಳ ಬಗ್ಗೆ ಬೇರೊಂದು ಹಾಳೆಯಲ್ಲಿ ಬರೆದು, ಸೋಮವಾರ ತಾನೇ ಹೋಗಿ ಷೆರಿಫನ ಕೈಗೆ ಕೊಟ್ಟ. ತಪ್ಪು ಒಪ್ಪಿಕೊಂಡ ರೆಫರಿಯನ್ನು ಸಂಘದವರು ಮುಂದಿನ ವರ್ಷಕ್ಕೆ ಕರೆಯಲಿಲ್ಲ. ಕರ್ಟ್ ಒಂಬತ್ತು ತಿಂಗಳು ಜೈಲಿನಲ್ಲಿದ್ದ. ಡೆರಿಕ್ ಚಿಕ್ಕಮ್ಮನ ಮನೆಗೆ ಹೋದ.

ಇಸಿದ್ರೊ ಬೆರಳಿಗೆ ಪಟ್ಟಿ ಕಟ್ಟಿಕೊಂಡೇ ರಾಜ್ಯಮಟ್ಟಕ್ಕೆ ಹೋಗಿ ಮೊದಲ ದಿನವೇ ಎರಡು ಪಂದ್ಯ ಸೋತ. ಎರಡನೆಯದು ಹದಿಮೂರು-ಎರಡು. ಎಲ್ಡನ್ ಟಿಕೆಟ್ಟು ತೆಗೆದುಕೊಂಡು ಹೋಗಿ, ಪಕ್ಕೆಗೆ ಪಟ್ಟಿ ಬಿಗಿದು, ಮೇಲಿನ ಸಾಲಿನಲ್ಲಿ ಕೂತು ಎರಡನ್ನೂ ನೋಡಿದ. ಹುಡುಗ ಕೊನೆಯ ಸೆಕೆಂಡಿನವರೆಗೂ ಕಾಲಿಗೆ ನುಗ್ಗುತ್ತಲೇ ಇದ್ದ.