ಖಾಲಿ ಕ್ಯಾನಿನ ಓಟ

ಅತ್ತೆಯ ಬಾಯಿ ತುಂಬ ಗುಂಡುಸೂಜಿ ಇದ್ದುದರಿಂದ ಅಂಗಡಿಯಲ್ಲಿ ಮಾತಿರಲಿಲ್ಲ. ಅವಳು ಒಂದೊಂದೇ ಸೂಜಿಯನ್ನು ತುಟಿಯಿಂದ ಎಳೆದು ಕೋಟಿನ ಅಂಚಿಗೆ ಚುಚ್ಚುತ್ತಿದ್ದಳು. ಅವಳ ಅಣ್ಣನ ಮಗಳು ನೆಲದ ಮೇಲೆ ಕಾಲು ಚಾಚಿ ಕುಳಿತು ಕೆಂಪು ಬಟ್ಟೆಯ ಚೂರುಗಳನ್ನು ಬೆರಳಗಲದ ಪಟ್ಟಿಗಳಾಗಿ ಕತ್ತರಿಸುತ್ತಿದ್ದಳು. ಈ ಮೌನ ಹುಡುಗಿಗೆ ಹಿತವಾಗಿತ್ತು. ಸೂಜಿ ಇಲ್ಲದಾಗಲೂ ಅವಳ ಮಾತು ಅಷ್ಟಕ್ಕಷ್ಟೇ. ಶಾಲೆ ಬಿಟ್ಟು ಅತ್ತೆಯ ಹೊಲಿಗೆ ಅಂಗಡಿ ಸೇರಿದಾಗಿನಿಂದ ಊರಿನವರು ಅವಳನ್ನು ಗಪ್‌ಚುಪ್ ಎಂದೇ ಕರೆಯುತ್ತಿದ್ದರು.

ಪಟ್ಟಿಗಳು ಓಟದವರಿಗಾಗಿ. ಊರಿನಲ್ಲಿ ಒಂದು ಓಟದ ಗುಂಪಿತ್ತು. ರಜೆಯ ದಿನ ಬೆಳಿಗ್ಗೆ ಅವರೆಲ್ಲ ಅತ್ತೆಯ ಅಂಗಡಿಯ ಮುಂದಿನಿಂದ ಹೊರಟು, ಹೊಲ, ಕಾಡು, ಹಳ್ಳ ದಾಟಿಕೊಂಡು ಒಂದು ಸುತ್ತು ಓಡಿ ಬರುವರು. ಪ್ರತಿ ವಾರ ದಾರಿ ಹೊಸದಾಗಬೇಕು, ಅದು ಯಾವುದೆಂದು ಓಡುವವರಿಗೆ ಮೊದಲೇ ತಿಳಿಯಬಾರದು. ಅದಕ್ಕೆ ಹಿಂದಿನ ಸಂಜೆಯೇ ಒಬ್ಬರು ಹೋಗಿ ಮರಕ್ಕೆ, ಬೇಲಿಗೆ ಕೆಂಪು ಪಟ್ಟಿ ಕಟ್ಟಿ ಬರಬೇಕು. ಓಡುವವರು ಪಟ್ಟಿ ಹುಡುಕುತ್ತ ಓಡಬೇಕು. ಕಟ್ಟುವ ಕೆಲಸ ಟಪಾಲು ಹಂಚುವ ಪೋಸ್ಟಣ್ಣನದು. ಈ ವಾರ ಅವನು ಸೈಕಲ್ಲಿನಿಂದ ಬಿದ್ದು ಕಾಲು ಉಳುಕಿಸಿಕೊಂಡಿದ್ದ. ಸೈಕಲ್ಲು ಆಗ ನಿಂತೇ ಇತ್ತು.

"ಓಡೋ ಸೈಕಲ್ಲಾದ್ರೂ ಆಗಿದ್ರೆ ಹೇಳ್ಕೊಳ್ಳೋಕೆ ಚೆನ್ನಾಗಿರ್ತಿತ್ತು," ಎನ್ನುತ್ತಲೇ ಅವನು ಕುಂಟುತ್ತ ಬಾಗಿಲಿಗೆ ಬಂದ. "ಅಕ್ಕಾ, ಪಟ್ಟಿ ಆಯ್ತಾ? ಆದ್ರೆ ಕಟ್ಟೋರೇ ಸಿಗ್ತಿಲ್ಲ."

ಅತ್ತೆ ಸೂಜಿಗಳನ್ನು ಅಂಗೈಗೆ ಉಗಿದಳು. "ಇವಳಿಲ್ವಾ? ದಿನಾ ಹಾಲಿಗೆ ಅಂತ ಹೋಗಿ ಊರೆಲ್ಲಾ ಅಳೆದು ಬರ್ತಾಳೆ. ಕಟ್ತಾಳೆ ಬಿಡು. ಆದ್ರೆ ನನ್ನ ಬಟ್ಟೆ ನಂಗೆ ವಾಪಸ್ ಬರ್ಬೇಕು. ಹೋದ ಸಲ ಅರ್ಧಕ್ಕರ್ಧ ಕಾಡಿಗೇ ಉಡಿಸಿ ಬಂದೆ ನೀನು."

ಹುಡುಗಿಯ ಕತ್ತರಿ ಅಲ್ಲೇ ನಿಂತಿತು.

ಹಾಲಿನ ಸಂಗತಿ ಹೀಗಿತ್ತು. ಹುಡುಗಿಗೆ ಓಡುವುದೆಂದರೆ ಪ್ರಾಣ, ಆದರೆ ಓಡುವಾಗ ಯಾರಾದರೂ ನೋಡಿದರೆ ಪ್ರಾಣವೇ ಹೋದಂತೆ. ಹಾಗಾಗಿ ಬೆಳಗಾಗುತ್ತಲೇ ಅತ್ತೆಯ ಹಳೆಯ ಕ್ಯಾನ್ವಾಸ್ ಬೂಟು ತೊಟ್ಟು, ಕೈಯಲ್ಲಿ ಹಾಲಿನ ಕ್ಯಾನು ಹಿಡಿದು ಹೊರಡುತ್ತಿದ್ದಳು. ಕಾಡು ಸೇರಿದ ಮೇಲೆ ಓಟವೇ ಓಟ. ಎದುರಿಗೆ ಯಾರಾದರೂ ಸಿಕ್ಕರೆ ತಟ್ಟನೆ ನಿಂತು, ಹಾಲಿಗೆ ಹೊರಟವಳ ಮುಖ ಮಾಡಿಕೊಂಡು ನಡೆಯುವಳು. ಹಾಲು ಕೊಡುವ ಮನೆ ಊರಿನ ಇನ್ನೊಂದು ತುದಿಗಿತ್ತು. ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮನೆಗೆ ಬಂದು, "ಹಾಲು ಮುಗಿದೋಗಿತ್ತು ಅತ್ತೆ," ಎಂದರೆ ಅತ್ತೆ "ಹ್ಞೂಂ" ಎಂದು ಇಬ್ಬರಿಗೂ ಕಪ್ಪು ಚಹಾ ಸೋಸುವಳು. ಎಷ್ಟೋ ತಿಂಗಳಿಂದ ಆ ಮನೆಯ ಚಹಾ ಹಾಲಿನ ಮುಖ ಕಂಡಿರಲಿಲ್ಲ. ಅತ್ತೆ ಎಷ್ಟು ಸುಲಭವಾಗಿ ನಂಬುತ್ತಾಳಲ್ಲ ಎಂದು ಹುಡುಗಿಗೆ ಒಮ್ಮೊಮ್ಮೆ ಪಾಪ ಅನ್ನಿಸುತ್ತಿತ್ತು. ಬೂಟಿನ ಹರಿದ ತುದಿ ಒಂದು ಬೆಳಿಗ್ಗೆ ತಾನಾಗಿಯೇ ಹೊಲಿದುಕೊಂಡಿದ್ದರ ಬಗ್ಗೆಯೂ ಅವಳು ಹೆಚ್ಚು ಯೋಚಿಸಲು ಹೋಗಿರಲಿಲ್ಲ.

ಸಂಜೆ ಪಟ್ಟಿಗಳ ಗಂಟು ಹಿಡಿದು ಹೊರಟಾಗ ಹುಡುಗಿ, ಓಟದವರಿಗೊಂದು ಸಪ್ಪೆ ದಾರಿ ಕಟ್ಟಿ ಕೈತೊಳೆದುಕೊಳ್ಳೋಣ ಎಂದುಕೊಂಡಿದ್ದಳು. ಆದರೆ ಇಟ್ಟಿಗೆ ಗೂಡಿನ ಹತ್ತಿರ ಕಾಲುಗಳು ತಮ್ಮಷ್ಟಕ್ಕೆ ತಾವೇ ಅವಳು ದಿನಾ ಓಡುವ ದಾರಿಗೇ ತಿರುಗಿದವು. ಇಷ್ಟು ದಿನ ಒಬ್ಬಳೇ ಓಡಿದ್ದಾಯಿತು. ಇದನ್ನು ಓಡಿ ಬೇರೆ ಯಾರಾದರೂ "ಆಹಾ" ಅನ್ನುವುದನ್ನು ಒಂದೇ ಒಂದು ಸಲ, ಮರೆಯಲ್ಲಿ ನಿಂತು ಕೇಳಬೇಕು. ಅಷ್ಟೇ ಸಾಕು ಎನ್ನಿಸಿತು.

ಹೊಲದ ಬದುವಿನಗುಂಟ ಕಟ್ಟಿದಳು. ಹಳ್ಳಕ್ಕೆ ಅಡ್ಡ ಬಿದ್ದ ಮರದ ದಿಮ್ಮಿಗೆ ಕಟ್ಟಿದಳು. ಕಾಡಿನ ನಡುವೆ ಕರಿಬಂಡೆಯ ಬುಡದಲ್ಲಿ ದಾರಿ ಮೂರಾಗಿ ಒಡೆಯುತ್ತದೆ. ಅಲ್ಲಿ ಎಡಗಡೆಯದಕ್ಕೆ ಎರಡು ಪಟ್ಟಿ ಜಾಸ್ತಿಯೇ ಕಟ್ಟಿದಳು. ಆ ದಾರಿ ಮರಗಳ ಒಳಗೆ ಹಾವಿನಂತೆ ಹೊರಳಿ, ಇದ್ದಕ್ಕಿದ್ದ ಹಾಗೆ ಹುಲ್ಲಿನ ದೊಡ್ಡ ಇಳಿಜಾರಿಗೆ ಬಾಯಿ ಬಿಡುತ್ತದೆ. ಕೆಳಗೆ ಅಂಗೈಯಲ್ಲಿ ಹಿಡಿಯುವಷ್ಟು ಊರು. ಅಲ್ಲಿ ಯಾರೂ ಓಡಬೇಕಾಗಿಲ್ಲ, ಇಳಿಜಾರೇ ಓಡಿಸುತ್ತದೆ. ಕೊನೆಯ ಪಟ್ಟಿಯನ್ನು ಸ್ವಲ್ಪ ಜಂಬದಿಂದಲೇ ಅಂಗಡಿಯ ಗೇಟಿಗೆ ಬಿಗಿದಳು.

ಮರುದಿನ ಬೆಳಿಗ್ಗೆ ಅವಳು ಕ್ಯಾನಿನ ಸಮೇತ ಕರಿಬಂಡೆಯ ಮೇಲೆ ಪೊದೆಯ ಹಿಂದೆ ಅಡಗಿ ಕುಳಿತಿದ್ದಳು. ಅಲ್ಲಿಂದ ಒಂದು ಕಡೆ ಹಳ್ಳ, ಇನ್ನೊಂದು ಕಡೆ ಹುಲ್ಲಿಳಿಜಾರು, ಎರಡೂ ಕಾಣುತ್ತಿದ್ದವು. ಹಳ್ಳದ ಕಡೆ ಕಿವಿ ಕೊಟ್ಟು ಕಾಯುತ್ತಿದ್ದವಳಿಗೆ ಇಳಿಜಾರಿನ ಕಡೆ ಏನೋ ಅಲ್ಲಾಡಿದಂತಾಯಿತು. ನೋಡಿದರೆ ಅತ್ತೆ. ಕಂಕುಳಲ್ಲಿ ಚೀಲ. ಮರದಿಂದ ಮರಕ್ಕೆ ಬರುತ್ತ, ಒಂದೊಂದೇ ಪಟ್ಟಿ ಬಿಚ್ಚಿ, ಸುಕ್ಕು ಸವರಿ, ಮಡಿಸಿ ಚೀಲಕ್ಕೆ ಹಾಕುತ್ತಿದ್ದಾಳೆ!

ಆಗಿದ್ದೇನೆಂದು ಹುಡುಗಿಗೆ ಹೊಳೆಯಿತು. ಪಕ್ಕಾ ಹೊಲಿಗೆ ಶುರುವಾಯಿತೆಂದರೆ, ಗುರುತಿಗೆಂದು ಮೊದಲು ಹಾಕಿದ ಕಚ್ಚಾ ಹೊಲಿಗೆಯ ದಾರವನ್ನು ಇನ್ನೊಂದು ತುದಿಯಿಂದ ಬಿಚ್ಚುತ್ತ ಬರುವುದು ಅತ್ತೆಯ ಹಳೇ ಚಾಳಿ. ಅಂಗಡಿಯ ಮುಂದೆ ಓಟದವರು ಹೊರಟದ್ದನ್ನು ಕಂಡವಳೇ, ಇನ್ನು ಪಟ್ಟಿಗೇನು ಕೆಲಸ ಎಂದು ಗೇಟಿನಿಂದ ಬಿಚ್ಚುತ್ತ ಬಂದಿದ್ದಳು.

ಕೂಗಬಹುದಿತ್ತು. ಹುಡುಗಿ ಬಾಯಿ ತೆರೆದಳು ಕೂಡ. ಬಂದದ್ದು ಬರೀ ಗಾಳಿ. ಅತ್ತೆ ಬಂಡೆಯ ಬುಡದವರೆಗೂ ಬಂದು, ಜಾಸ್ತಿ ಕಟ್ಟಿದ ಆ ಎರಡನ್ನೂ ಬಿಚ್ಚಿ, "ದಂಡ ಮಾಡೋದೂ ಒಂದು ಕಲೆ," ಎಂದು ಗೊಣಗಿ, ಬೆವರೊರೆಸಿಕೊಂಡು ಬಂದ ಕಡೆಗೇ ಇಳಿದು ಹೋದಳು.

ಅವಳು ಮರೆಯಾಗುತ್ತಲೇ ಓಟದವರು ಬಂದರು. ಎಲ್ಲರಿಗಿಂತ ಮುಂದೆ ಬೇಕರಿ ಮಾವ, ಅವನಿಗಿಂತ ಮುಂದೆ ಅವನ ಹೊಟ್ಟೆ.

"ಪಟ್ಟಿ ಎಲ್ರೀ? ಮೂರು ದಾರಿ ಇದೆ, ಒಂದರಲ್ಲೂ ಇಲ್ಲ!"

"ಗಪ್‌ಚುಪ್ ಕಟ್ಟಿದ್ದಲ್ವಾ," ಎಂದ ಹಿಂದಿನಿಂದ ಕ್ಷೌರದಂಗಡಿಯವನು. "ಮಾತಿನ ಥರಾನೇ ಪಟ್ಟೀನೂ ಅರ್ಧಕ್ಕೇ ನುಂಗ್ಕೊಂಡಿದ್ದಾಳೆ."

ಎಲ್ಲರೂ ನಕ್ಕರು. ಬಂಡೆಯ ಮೇಲೆ ಹುಡುಗಿ ಪೊದೆಯೊಳಕ್ಕೆ ಇನ್ನಷ್ಟು ಸರಿದಳು.

"ನಗ್ಬೇಡ್ರಯ್ಯ," ಎಂದರು ದೊಡ್ಡ ಟೀಚರ್. ಊರಿನ ಅರ್ಧ ಜನಕ್ಕೆ ಪಾಠ ಹೇಳಿ ನಿವೃತ್ತರಾದವರು ಅವರು. "ಇಂಥ ದಾರೀನ ಪೋಸ್ಟಣ್ಣ ಒಂದು ದಿನಾನೂ ಕೊಟ್ಟಿಲ್ಲ. ಆ ಹಳ್ಳದ ಹತ್ರ ನನಗೆ ಮಂಡಿನೋವಿದೆ ಅನ್ನೋದೇ ಮರ್ತೋಯ್ತು."

"ಮರೀದೇ ಏನು ಮಾಡ್ತೀರಿ ಟೀಚರ್? ನನ್ನ ಬೆನ್ನ ಮೇಲೆ ಕೂತು ದಾಟಿದ್ರಲ್ಲ," ಎಂದ ಬೇಕರಿ ಮಾವ. "ನಡೀರಿ, ಬಂದ ದಾರೀಲೇ ವಾಪಸ್ ಹೋಗೋಣ. ಓವನ್‌ನಲ್ಲಿ ಬ್ರೆಡ್ಡಿದೆ, ಸೀದೋದ್ರೆ ನನ್ನ ಹೆಂಡ್ತಿ ನನ್ನನ್ನೇ ಒಳಗಿಡ್ತಾಳೆ."

ಹುಡುಗಿ ಕೇಳಬೇಕೆಂದಿದ್ದ ಮಾತು ಕೇಳಿ ಆಗಿತ್ತು. ಉಸಿರು ಬಿಗಿಹಿಡಿದು ಕೂತರೆ ಅವರು ಹೊರಟು ಹೋಗುತ್ತಿದ್ದರು, ಅವಳು ಯಾರಿಗೂ ಕಾಣದೆ ಉಳಿಯುತ್ತಿದ್ದಳು. ಆದರೆ ಇಳಿಜಾರು? ಅದನ್ನೇ ನೋಡದೆ ಹೋದರೆ ಇವರು ನೋಡಿದ್ದೇನು ಮಣ್ಣು! ಅವರು ಒಬ್ಬೊಬ್ಬರಾಗಿ ಹಿಂದಕ್ಕೆ ತಿರುಗಿದರು. ಟೀಚರ್ ಕೂಡ ತಿರುಗಿದರು.

ಹುಡುಗಿ ಎದ್ದು ನಿಂತಳು. ಕ್ಯಾನಿನ ಮುಚ್ಚಳ ಟಣ್ ಎಂದಿತು. ಎಲ್ಲರ ಕತ್ತೂ ಮೇಲಕ್ಕೆ ಹೋಯಿತು.

"ಇದೇನೇ ಹುಡುಗಿ," ಎಂದ ಬೇಕರಿ ಮಾವ, "ಬಂಡೆ ಹತ್ರ ಹಾಲು ಕರೀತಿದ್ದೀಯಾ?"

ಹೇಳಲು ಎಷ್ಟೋ ಇತ್ತು. ಪಟ್ಟಿ ಕಟ್ಟಿದ್ದೆ, ಅತ್ತೆ ಬಿಚ್ಚಿದಳು, ಎಡಗಡೆಯ ದಾರಿ, ಮುಂದೆ ಇಳಿಜಾರಿದೆ. ಬಾಯಿಂದ ಬಂದದ್ದು ಒಂದೇ ಪದ.

"ಹೀಗೆ."

ಬಂಡೆಯಿಂದ ಜಿಗಿದವಳೇ ಓಡಿದಳು. ಮರಗಳ ನಡುವೆ ಅವಳು ಎರಡೇ ತಿರುವಿಗೆ ಕಣ್ಮರೆ. ಆದರೆ ಕ್ಯಾನು ಟಣ್ ಟಣ್ ಎನ್ನುತ್ತಲೇ ಇತ್ತು, ಓಟದವರು ಆ ಸದ್ದು ಹಿಡಿದು ಹಿಂದೆ ಬಿದ್ದರು. "ಎಡಕ್ಕೆ! ಎಡಕ್ಕೆ ಟಣ್ ಅಂತು!" "ಅದು ನಿಮ್ಮ ಬೀಗದ ಕೈಗೊಂಚಲು ಕಣ್ರೀ!" "ಏ ಗಪ್‌ಚುಪ್, ಕಾಲಿಗೇನು ಗಾಲಿ ಕಟ್ಕೊಂಡಿದ್ದೀಯೇನೇ?"

ಮರಗಳು ಮುಗಿದವು. ಹಿಂದೆ ದೊಡ್ಡ ಟೀಚರ್ ಜಾರುಬಂಡೆ ಏರಿದ ಮಗುವಿನ ಹಾಗೆ "ಹೋ!" ಎಂದು ಕಿರುಚಿದರು. ಆ ಕೂಗಿನ ಹಿಂದೆಯೇ ಬೇಕರಿ ಮಾವನ ಕೂಗು, ಅದರ ಹಿಂದೆ ಇನ್ನಷ್ಟು. ಹುಡುಗಿ ಹಿಂದಿರುಗಿ ನೋಡಲಿಲ್ಲ. ಅಷ್ಟು ಕಣ್ಣುಗಳು ಬೆನ್ನಿಗಂಟಿದ್ದವು. ಪ್ರಾಣವೇನೂ ಹೋಗಲಿಲ್ಲ.

ಇಳಿಜಾರಿನ ನಡುವೆ ಒಂದು ಕಲ್ಲಿನ ಮೇಲೆ ಅತ್ತೆ ಚೀಲ ತೊಡೆಗಿಟ್ಟುಕೊಂಡು ದಣಿವಾರಿಸಿಕೊಳ್ಳುತ್ತಿದ್ದಳು. ಹುಡುಗಿ ಹಾಲಿಗೆ ಹೊರಟವಳ ಮುಖ ಮಾಡಲು ನೋಡಿದಳು, ಆದರೆ ಆ ಇಳಿಜಾರಿನಲ್ಲಿ ಕಾಲು ನಿಲ್ಲಬೇಕಲ್ಲ! ಖಾಲಿ ಕ್ಯಾನು ಬಾಯಿ ಬಿಟ್ಟುಕೊಂಡು, ಮುಚ್ಚಳ ಕುಣಿಸುತ್ತ, ಅತ್ತೆಯ ಮೂಗಿನ ಮುಂದೆಯೇ ಹಾದುಹೋಯಿತು. ಅತ್ತೆ ಬೆಚ್ಚಲಿಲ್ಲ. ಮೊದಲು ಬೂಟಿನ ತುದಿ ನೋಡಿದಳು. ತಾನು ಹಾಕಿದ ಹೊಲಿಗೆ ಗಟ್ಟಿಯಾಗಿಯೇ ನಿಂತಿತ್ತು. ಆಮೇಲೆ ಎದ್ದು, ಉರುಳಿ ಬರುತ್ತಿದ್ದ ಬೇಕರಿ ಮಾವನಿಗೆ ದಾರಿ ಬಿಟ್ಟು, ಎರಡೂ ಕೈಯನ್ನು ಬಾಯಿಯ ಸುತ್ತ ಇಟ್ಟುಕೊಂಡಳು. ಅಷ್ಟರಲ್ಲಿ ಹುಡುಗಿ ಬುಡ ಮುಟ್ಟಿ ಹೊಲದ ಕಡೆ ತಿರುಗಿಯಾಗಿತ್ತು.

"ಏ ಹುಡುಗೀ! ಇವತ್ತಾದ್ರೂ ಬರ್ತಾ ಸ್ವಲ್ಪ ಹಾಲು ತಗೊಂಡು ಬಾರೇ!"