ಮಂಡಿ ನೋವು

ತಮಿಳುನಾಡಿನ ಪಾಲಕೋಡ್ ಟೊಮೆಟೊ ಮಾರ್ಕೆಟ್ಟಿನಲ್ಲಿ ಹಣ್ಣು ಆರಿಸಿ ಕ್ರೇಟಿಗೆ ತುಂಬುವ ಹೆಂಗಸರ ನಡುವೆ ನನಗೆ ಒಂದು ಹೆಸರಿತ್ತು. ಕೆಲಸಕ್ಕಲ್ಲ, ಬಾಯಿಗೆ. ಹರಾಜು ಕೂಗುವ ಪೊನ್ನುಸ್ವಾಮಿಯ ದನಿಯನ್ನು ಅವರ ಬೆನ್ನ ಹಿಂದೆಯೇ ಅಣಕಿಸಿ ಕೂಗಿ, ವ್ಯಾಪಾರಿಗಳು ತಬ್ಬಿಬ್ಬಾಗುವಂತೆ ಮಾಡುತ್ತಿದ್ದೆ. ಮಂಜುಳಮ್ಮ ಬರದಿದ್ದರೆ ಕೆಲಸ ಸಾಗುವುದಿಲ್ಲ ಎಂದು ಪಕ್ಕದಲ್ಲಿ ಕೂರುವ ರಾಜಾತಿ ಹೇಳುತ್ತಿದ್ದಳು. ನಿಜ ಏನೆಂದರೆ, ನಾನು ಬಂದರೇ ಕೆಲಸ ಸಾಗುತ್ತಿರಲಿಲ್ಲ.

ಇಂಥ ಬಾಯಿಗೆ ಒಂದೇ ಒಂದು ಮಾತು ಹೇಳಲು ಎರಡು ವರ್ಷ ಹಿಡಿಯಿತು.

ತುಂಬಿದ ಕ್ರೇಟ್ ಎತ್ತುವಾಗ ಒಂದು ದಿನ ಕೆಳಗೆ ಏನೋ ಜಾರಿದಂತಾಯಿತು. ಮನೆಗೆ ಬಂದು ಬಚ್ಚಲಲ್ಲಿ ನೋಡಿಕೊಂಡೆ. ಒಳಗಿರಬೇಕಾದದ್ದು ಹೊರಗೆ ಇಣುಕುತ್ತಿತ್ತು. ಅದು ಗರ್ಭಕೋಶವೆಂದು ನನಗೇನು ಗೊತ್ತು? ಕ್ಯಾನ್ಸರ್ ಗಡ್ಡೆ ಎಂದು ತೀರ್ಮಾನ ಮಾಡಿಕೊಂಡೆ. ಮಲಗಿದರೆ ಒಳಗೆ ಹೋಗುತ್ತಿತ್ತು, ಎದ್ದು ನಿಂತರೆ ಇಳಿಯುತ್ತಿತ್ತು. ಬರಬರುತ್ತ ಕೆಮ್ಮಿದರೆ, ಸೀನಿದರೆ, ಜೋರಾಗಿ ನಕ್ಕರೆ ಸೀರೆ ಒದ್ದೆಯಾಗತೊಡಗಿತು. ಊರನ್ನೆಲ್ಲ ನಗಿಸಿಕೊಂಡಿದ್ದವಳಿಗೆ ನಗಬಾರದ ಕಾಯಿಲೆ. ದೇವರು ಆರಿಸಿಯೇ ಕೊಟ್ಟಿರಬೇಕು.

ಹಳೆಯ ಬಟ್ಟೆ ಮಡಚಿ ಕಟ್ಟಿಕೊಳ್ಳತೊಡಗಿದೆ. ವಾಸನೆ ಬಂದೀತೆಂದು ಮೈಗೆಲ್ಲ ಪೌಡರ್ ಸುರಿದುಕೊಂಡೆ. ಎಷ್ಟು ಸುರಿದುಕೊಂಡೆನೆಂದರೆ, ಈ ವಯಸ್ಸಿನಲ್ಲಿ ಇವಳಿಗೆ ಯಾರ ಮೇಲೆ ಮನಸ್ಸಾಗಿದೆಯೋ ಎಂದು ಮಾರ್ಕೆಟ್ಟಿನಲ್ಲಿ ಪಿಸುಗುಟ್ಟಿದರು. ಕೇಳಿ ಒಳಗೊಳಗೇ ಸ್ವಲ್ಪ ಖುಷಿಯೂ ಆಯಿತು. ಆಮೇಲೆ ಹೆಂಗಸರಿಂದ ದೂರ ಕೂರತೊಡಗಿದೆ. ಕೊನೆಗೆ ಹೋಗುವುದನ್ನೇ ಬಿಟ್ಟೆ. ಕೇಳಿದವರಿಗೆಲ್ಲ ಮಂಡಿ ನೋವು ಎಂದೆ. ಮಂಡಿ ಬಹಳ ಮರ್ಯಾದಸ್ಥ ಜಾಗ. ಅದರ ಹೆಸರು ಹೇಳಿದರೆ ಯಾರೂ ತಲೆ ತಗ್ಗಿಸುವುದಿಲ್ಲ.

ಆಸ್ಪತ್ರೆಗೆ ಹೋಗಲಿಲ್ಲವೆಂದಲ್ಲ. ಧರ್ಮಪುರಿಗೆ ಹೋದೆ. ಚೀಟಿ ಬರೆಯುವ ಹುಡುಗ ಏನು ತೊಂದರೆ ಎಂದು ಎಲ್ಲರಿಗೂ ಕೇಳುವಂತೆ ಕೇಳಿದ. ಹಿಂದೆ ತಿರುಗಿ ನೋಡಿದರೆ ಗಂಡಸರ ಸಾಲು. ತಮಿಳಿನಲ್ಲಿ ಮುಟ್ಟಿ ವಲಿ, ಅಂದರೆ ಮಂಡಿ ನೋವು, ಎಂದುಬಿಟ್ಟೆ. ಮೂಳೆ ಡಾಕ್ಟರು ನನ್ನ ಕಾಲನ್ನು ಮಡಚಿ ಬಿಡಿಸಿ, ಮೂಳೆಯೆಲ್ಲ ಚೆನ್ನಾಗಿದೆ ಎಂದು ಮುಲಾಮು ಕೊಟ್ಟರು. ಇನ್ನೊಂದು ಸಲ ಗಟ್ಟಿ ಮನಸ್ಸು ಮಾಡಿ ಹೋದೆ. ಅಂದು ಹೆಂಗಸು ಡಾಕ್ಟರೇ ಸಿಕ್ಕರು, ಆದರೆ ಅವರ ಸುತ್ತ ಓದುವ ಹುಡುಗರು ನಿಂತಿದ್ದರು. ಮತ್ತೆ ಮಂಡಿ ನೋವು ಎಂದೆ, ಮತ್ತೆ ಮುಲಾಮು. ಸುಮ್ಮನೆ ಹಾಳಾಗುತ್ತದಲ್ಲ ಎಂದು ಎಲ್ಲವನ್ನೂ ತಿಕ್ಕಿಕೊಂಡೆ. ಪಾಲಕೋಡ್ ತಾಲ್ಲೂಕಿನಲ್ಲಿ ನನ್ನಷ್ಟು ಗಟ್ಟಿ ಮಂಡಿ ಆಗ ಯಾರಿಗೂ ಇದ್ದಿರಲಾರದು.

ನಮ್ಮ ಯಜಮಾನರು ಮಾದೇಶ ಮಾತು ಕಡಿಮೆಯ ಮನುಷ್ಯ. ನಾನು ಚಾಪೆಯನ್ನು ಅಡುಗೆಕೋಣೆಗೆ ಸಾಗಿಸಿದೆ, ಅವರು ಏನೂ ಕೇಳಲಿಲ್ಲ. ತಮ್ಮನ ಮಗಳ ಮದುವೆಗೆ ಬರುವುದಿಲ್ಲವೆಂದೆ, ಒಬ್ಬರೇ ಹೋಗಿ ಬಂದರು. ಸಾರಿಗೆ ಉಪ್ಪು ಹಾಕುವುದನ್ನು ಮರೆತೆ, ಹಾಗೆಯೇ ಉಂಡರು. ನಾನು ಗೋಡೆ ನೋಡುತ್ತ ಮಲಗುವುದು ಹೆಚ್ಚಾದಾಗ ಪಕ್ಕದೂರಿನ ಮಂತ್ರವಾದಿಯ ಬಳಿ ಕರೆದೊಯ್ದರು. ಮೂವರು ಹೆಂಗಸರ ಕಣ್ಣು ಬಿದ್ದಿದೆ ಎಂದು ಅವನು ತೋಳಿಗೆ ದಾರ ಕಟ್ಟಿದ. ನನ್ನನ್ನು ನೋಡಿ ಹೊಟ್ಟೆ ಉರಿದುಕೊಳ್ಳುವ ಆ ಮೂವರು ಯಾರಿರಬಹುದೆಂದು ದಾರಿಯುದ್ದಕ್ಕೂ ಯೋಚಿಸಿದೆ. ಒಬ್ಬಳೂ ಸಿಗಲಿಲ್ಲ.

ಹೀಗೆ ನನ್ನನ್ನು ನಾನೇ ಗೇಲಿ ಮಾಡಿಕೊಂಡು ದಿನ ನೂಕುತ್ತಿದ್ದೆ. ಗೇಲಿಗೂ ಬಗ್ಗದ ದಿನಗಳು ಆಮೇಲೆ ಬಂದವು. ಕಣ್ಣು ಬಿಟ್ಟ ಕೂಡಲೇ ಅಯ್ಯೋ, ಮತ್ತೆ ಬೆಳಗಾಯಿತೇ ಎನಿಸುತ್ತಿತ್ತು. ಸ್ನಾನ ಬೇಡ, ಊಟ ಬೇಡ, ಯಾರ ಮುಖವೂ ಬೇಡ. ನಾರುವ ಈ ಮುದುಕಿ ಇಲ್ಲದಿದ್ದರೆ ಮನೆ ಹಗುರವಾದೀತು ಎಂದು ಒಂದು ಮಧ್ಯಾಹ್ನ ಯೋಚಿಸುತ್ತ ಕುಳಿತಿದ್ದೆ. ಸಂತೆಯಿಂದ ಏನು ತರಬೇಕೆಂದು ಯೋಚಿಸುವಷ್ಟು ತಣ್ಣಗೆ ಯೋಚಿಸುತ್ತಿದ್ದೆ. ಆ ತಣ್ಣಗಿನ ಯೋಚನೆಗೇ ನನಗೆ ಹೆದರಿಕೆಯಾಯಿತು. ಎದ್ದು ಸೇಲಂನಲ್ಲಿರುವ ಮಗಳು ಭುವನಾಗೆ ಫೋನ್ ಮಾಡಿದೆ. ಅವಳನ್ನು ಮಗ್ಗ ನಡೆಸುವ ಮನೆಗೆ ಕೊಟ್ಟಿದ್ದೇವೆ. ಅವಳು ಹಲೋ ಎಂದೊಡನೆ ಮಾತು ಹೊರಡದೆ ಕಟ್ ಮಾಡಿದೆ. ಮತ್ತೆ ಮಾಡಿದೆ, ಮತ್ತೆ ಕಟ್ ಮಾಡಿದೆ.

ಮರುದಿನ ಬೆಳಿಗ್ಗೆಯೇ ಅವಳು ಬಂದಿಳಿದಳು. ಬಂದವಳು ಕಾಲು ತೊಳೆಯಲು ನೇರ ಹಿತ್ತಲಿಗೆ ಹೋದಳು. ಅಲ್ಲಿ ಸೀರೆಯ ಮರೆಯಲ್ಲಿ ನನ್ನ ಬಟ್ಟೆತುಂಡುಗಳು ಒಣಗುತ್ತಿದ್ದವು. ಏನಮ್ಮ ಇದು ಎಂದು ಕೇಳಿದಳು. ಅಭ್ಯಾಸಬಲ, ಮಂಡಿ ನೋವು ಎಂದೆ.

"ಅಮ್ಮಾ, ಮಂಡಿಗೆ ಯಾರಾದ್ರೂ ಇಷ್ಟೊಂದು ಬಟ್ಟೆ ಕಟ್ತಾರಾ?" ಎಂದಳು.

ಅವಳ ಮುಖ ನೋಡಿದರೆ ನಗು ಬರಬೇಕಿತ್ತು. ಬಾಯಿಂದ ಬಂದದ್ದು ಬೇರೆ.

"ನಂಗೆ ಬದುಕೋಕೇ ಇಷ್ಟ ಇಲ್ಲ ಮಗಾ. ಕೆಳಗೆ ಏನೋ ಇಳ್ದೈತೆ. ಯಾರ ಹತ್ರ ಏಳ್ಲಿ?"

ಭುವನಾ ಬಾಗಿಲು ಹಾಕಿ ನನ್ನ ಪಕ್ಕ ಕುಳಿತು ನನ್ನನ್ನು ತನ್ನ ಕಡೆಗೆ ಎಳೆದುಕೊಂಡಳು. ವಾಸನೆ ಬರುತ್ತೆ, ದೂರ ಕೂತುಕೋ ಎಂದೆ. ಅವಳು ಕದಲಲಿಲ್ಲ. ನಡೆದದ್ದನ್ನೆಲ್ಲ ಹೇಳಿದೆ. ಹೇಳಿ ಮುಗಿಸಿದಾಗ ಹೊಟ್ಟೆ ಹಸಿಯುತ್ತಿತ್ತು. ಎಷ್ಟೋ ದಿನಗಳ ಮೇಲೆ ಅಂದು ಎರಡು ಸಲ ಬಡಿಸಿಕೊಂಡೆ.

ಸೇಲಂ ಬಸ್ಸಿನಲ್ಲಿ ಸೀಟುಗಳು ಖಾಲಿಯಿದ್ದವು. ಕೂತರೆ ಒತ್ತುತ್ತದೆಂದು ನಾನು ಕಂಬಿ ಹಿಡಿದು ನಿಂತೇ ಇದ್ದೆ. ಯಾಕಮ್ಮ ಎಂದ ಕಂಡಕ್ಟರಿಗೆ ಗಾಳಿ ಬೇಕು ಎಂದೆ. ತೊಪ್ಪೂರು ಘಾಟಿನ ಪ್ರತಿ ತಿರುವಿನಲ್ಲೂ ಅವನು ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದ.

ಆಸ್ಪತ್ರೆಯಲ್ಲಿ ಭುವನಾ ಹೇಳುತ್ತ ಹೋದಳು, ನಾನು ಫ್ಯಾನ್ ತಿರುಗುವುದನ್ನು ನೋಡುತ್ತ ಕುಳಿತೆ. ಡಾಕ್ಟರಮ್ಮ ಪರೀಕ್ಷೆ ಮಾಡಿ, ಗರ್ಭಕೋಶ ಜಾರಿದೆ, ಕ್ಯಾನ್ಸರ್ ಅಲ್ಲ ಎಂದರು. ಹೆತ್ತು, ಭಾರ ಹೊತ್ತ ಹೆಂಗಸರಲ್ಲಿ ಇದು ಬಹಳ ಸಾಮಾನ್ಯವಂತೆ. ಎರಡು ವರ್ಷ ನನ್ನನ್ನು ಅಳಿಸಿದ ಕ್ಯಾನ್ಸರು ಒಂದು ಮಾತಿನಲ್ಲಿ ಹೊರಟುಹೋಯಿತು. ಅಷ್ಟೆಲ್ಲ ಅತ್ತದ್ದು ದಂಡವಾಯಿತಲ್ಲ ಎಂದು ಚೂರು ಬೇಸರವೂ ಆಯಿತು. ಮೈಯಲ್ಲಿ ರಕ್ತ ಕಡಿಮೆಯಿದೆ, ಆಪರೇಷನ್ ಆಮೇಲೆ ಮಾಡೋಣ ಎಂದು ರಬ್ಬರ್ ಬಳೆಯಂಥ ಒಂದು ಉಂಗುರವನ್ನು ಒಳಗಿಟ್ಟರು. ಎದ್ದು ನಿಂತೆ. ಏನೂ ಇಳಿಯಲಿಲ್ಲ. ನಂಬಿಕೆ ಬರದೆ ರೂಮಿನಲ್ಲಿ ಆ ಗೋಡೆಯಿಂದ ಈ ಗೋಡೆಗೆ ನಡೆದು ನೋಡಿದೆ.

ಹೊರಡಬೇಕೆನ್ನುವಾಗ ಡಾಕ್ಟರಮ್ಮ ತಮಿಳಿನಲ್ಲಿ, ನಿದ್ದೆ ಬರುತ್ತದೆಯೇ, ಊಟ ಸೇರುತ್ತದೆಯೇ, ಸಾಯಬೇಕು ಅನಿಸಿದ್ದುಂಟೇ ಎಂದು ಕೇಳಿದರು. ಒಂದು ತಮಾಷೆಯ ಉತ್ತರ ನಾಲಿಗೆಯ ತುದಿಯಲ್ಲಿತ್ತು. ಬಾಯಿ ತೆರೆದೆ, ಅಳು ಬಂತು. ನರ್ಸ್ ಎದ್ದು ಹೋಗಿ ಬಾಗಿಲು ಹಾಕಬೇಕಾಯಿತು. ಅದೇ ಕಟ್ಟಡದಲ್ಲಿ ಮನಸ್ಸಿನ ಡಾಕ್ಟರಿದ್ದಾರೆ, ನೋಡಿಕೊಂಡು ಹೋಗಿ ಎಂದರು ಡಾಕ್ಟರಮ್ಮ. ನಾನೇನು ಪೈತ್ಯಮಾ ಎಂದು ರೇಗಿದೆ. ಹುಚ್ಚು ಎಂದವರು ಯಾರು, ಇಷ್ಟು ದಿನ ಒಬ್ಬಳೇ ನುಂಗಿಕೊಂಡಿದ್ದರೆ ಯಾರ ಮನಸ್ಸಾದರೂ ಕುಗ್ಗುತ್ತದೆ ಎಂದು ಅವರು ಸಮಾಧಾನವಾಗಿ ಹೇಳಿದರು. ಹೋದೆ. ಅಲ್ಲಿ ಮಾತ್ರೆ ಕೊಟ್ಟರು. ಮಾತ್ರೆಗಿಂತ ಮೊದಲು ನನ್ನ ಮಾತನ್ನು ಪೂರ್ತಿ ಕೇಳಿದರು. ನನ್ನ ಮಾತನ್ನು ಪೂರ್ತಿ ಕೇಳುವುದು ಸುಲಭದ ಕೆಲಸವಲ್ಲ, ಪಾಪ.

ಊರಿಗೆ ಬಂದ ಮೇಲೆ ಭುವನಾ ಅಪ್ಪನಿಗೆ ಕೊಟ್ಟಿಗೆಯಲ್ಲಿ ವಿಷಯ ತಿಳಿಸಿದಳು. ಅವರು ಬಹಳ ಹೊತ್ತು ಹಸುವಿನ ಬೆನ್ನು ಸವರುತ್ತ ನಿಂತಿದ್ದು, ಆಮೇಲೆ ಒಳಗೆ ಬಂದು ಹೊಸ್ತಿಲ ಮೇಲೆ ಕುಳಿತರು.

"ಚಾಪೆ ಬೇರೆ ಹಾಕ್ಕಂಡ್ಯಲ್ಲ," ಎಂದರು. "ನನ್ ಕಂಡ್ರೆ ಆಗ್ದೇನೋ ಅಂದ್ಕಂಡಿದ್ದೆ ಲೇ."

ಅವರೂ ಎರಡು ವರ್ಷ ಅದನ್ನೇ ನುಂಗಿಕೊಂಡು ಕುಳಿತಿದ್ದರು. ಒಂದೇ ಮನೆಯಲ್ಲಿ ಇಬ್ಬರು ದಡ್ಡರು. ಭಾರ ಎತ್ತಬಾರದೆಂದು ಡಾಕ್ಟರು ಹೇಳಿದ್ದರಿಂದ ನೀರು ತರುವುದು ಅವರ ಪಾಲಿಗೆ ಬಂತು. ಮೊದಲ ದಿನ ಇಡೀ ಬೀದಿ ನಿಂತು ನೋಡಿತು. ನಾನೂ ಜಗಲಿಯಲ್ಲಿ ಕುಳಿತು ನೋಡಿದೆ.

ಮಾರ್ಕೆಟ್ಟಿಗೆ ಮತ್ತೆ ಹೋದಾಗ ರಾಜಾತಿಗೆ ಮಾತ್ರ ನಿಜ ಹೇಳಿದೆ. ಅವಳು ಟೊಮೆಟೊ ಆರಿಸುತ್ತಲೇ ಕೇಳಿಸಿಕೊಂಡಳು. ಒಂದು ಕ್ರೇಟ್ ತುಂಬಿದ ಮೇಲೆ, ಆ ಉಂಗುರ ನೋಯುತ್ತದೆಯೇ ಎಂದು ತಗ್ಗಿದ ದನಿಯಲ್ಲಿ ಕೇಳಿದಳು. ಯಾಕೆ ಎಂದರೆ, ಸಂಬಂಧಿಕರೊಬ್ಬರಿಗಂತೆ. ಆ ಸಂಬಂಧಿಕರ ಜೊತೆ ಸೋಮವಾರ ಸೇಲಂಗೆ ನಾನೂ ಬರುತ್ತೇನೆ ಎಂದೆ. ಸೋಮವಾರ ಬಸ್‌ ಸ್ಟ್ಯಾಂಡಿಗೆ ರಾಜಾತಿ ಒಬ್ಬಳೇ ಬಂದಳು. ಸಂಬಂಧಿಕರ ಬಗ್ಗೆ ನಾನು ವಿಚಾರಿಸಲಿಲ್ಲ.

ಪೊಂಗಲ್ ಕಳೆದ ಮೇಲೆ ನನಗೆ ಆಪರೇಷನ್ ಆಯಿತು. ಮನಸ್ಸಿನ ಮಾತ್ರೆ ಇನ್ನೂ ನಡೆಯುತ್ತಿದೆ. ಕೆಲವು ದಿನ ಬೆಳಿಗ್ಗೆ ಈಗಲೂ ಏಳಲಾಗುವುದಿಲ್ಲ. ಮೊನ್ನೆ ಅಂಥ ಒಂದು ಬೆಳಿಗ್ಗೆ, "ಇವತ್ತು ಮನ್ಸು ಸರಿಯಿಲ್ಲ, ನೋಡಿ," ಎಂದು ಯಜಮಾನರಿಗೆ ಹೇಳಿದೆ. ಅವರು ಒಳಗೆ ಹೋಗಿ ಕಾಫಿ ಮಾಡಿ ತಂದರು. ಕುಡಿಯುವ ಹಾಗಿರಲಿಲ್ಲ, ಆದರೂ ಕುಡಿದೆ. ಅಂದು ಕೆಲಸಕ್ಕೆ ಹೋಗಲಿಲ್ಲ. ಮರುದಿನ ಹೋದೆ.