ಮದ್ದಿನ ಮೇಲೆ ನೀರು

ಯಲಬುರ್ಗಾದ ಕೊಟ್ರಪ್ಪನ ಗೋದಾಮಿನಲ್ಲಿ ಆರು ಮಂದಿ ಹೆಂಗಸರು ಉಪ್ಪಿನ ಚೀಲಗಳ ಬಾಯಿ ಹೊಲಿಯುತ್ತಿದ್ದರು. ಹಿಂದಿನ ವರ್ಷ ಅದೇ ಜಾಗದಲ್ಲಿ ಮೂವತ್ತು ಮಂದಿ ಹತ್ತಿ ತುಂಬಿದ ಅಂಡಿಗೆಗಳ ಬಾಯಿ ಹೊಲಿಯುತ್ತಿದ್ದರು. ಬಂಡಿಗಳು ಗಡಿಯಾಚೆಯ ಗದಗಿನ ದಾರಿ ಹಿಡಿಯುತ್ತಿದ್ದವು. ನಲವತ್ತೆಂಟರಲ್ಲಿ ನಿಜಾಮರ ಸೀಮೆಯ ಗಡಿ ಮುಚ್ಚಿತು. ಹತ್ತಿ ಹೊರಗೆ ಹೋಗಲಿಲ್ಲ, ಉಪ್ಪು ಒಳಗೆ ಬರುವುದು ದುರ್ಲಭವಾಯಿತು. ಹತ್ತಿ ಬಿಡಿಸುವ ಊರಿನ ಜಿನ್ನು ಕಾರ್ಖಾನೆ ನಿಂತಿತು. ಆ ಆರು ಮಂದಿಯಲ್ಲಿ ಒಬ್ಬಳಾದ ಹುಸೇನಬೀಯ ಮಗ ಬಾಬಾಸಾಬ ಅಲ್ಲಿ ಕೂಲಿಗಿದ್ದ; ಹೊಟ್ಟೆಗೆ ಜೋಳ ಸಿಗುತ್ತದೆಂದು ರಜಾಕಾರರ ದಂಡು ಸೇರಿದ. ಅವನ ಜೊತೆ ದುಡಿಯುತ್ತಿದ್ದ ಶಂಕ್ರಮ್ಮನ ತಮ್ಮ, ರಜಾಕಾರರ ವಿರುದ್ಧ ಹೋರಾಡುವವರ ಗಡಿ ಶಿಬಿರಕ್ಕೆ ಹೋದ. ಆದರೂ ಹುಸೇನಬೀ, ಶಂಕ್ರಮ್ಮ ಇಬ್ಬರೂ ಗೋದಾಮಿನಲ್ಲಿ ಒಂದೇ ಚಾಪೆಯ ಮೇಲೆ ಕೂತು ಹೊಲಿಯುತ್ತಿದ್ದರು.

ಆ ಮಧ್ಯಾಹ್ನ ಹುಸೇನಬೀಯ ದಬ್ಬಣ ಚೀಲದೊಳಗೆ ಗಟ್ಟಿಯಾದುದಕ್ಕೆ ತಾಗಿತು. ಕೈ ಹಾಕಿದಳು. ತಗಡಿನ ಡಬ್ಬಿ. ಮುಚ್ಚಳ ತೆಗೆದರೆ ಕರಿ ಪುಡಿ.

"ಬಂದೂಕಿನ ಮದ್ದು," ಎಂದಳು ಶಂಕ್ರಮ್ಮ, ಮೂಸಿ ನೋಡಿ.

ಕೊಟ್ರಪ್ಪ ಓಡಿ ಬಂದ. "ಬಾಯಿ ಮುಚ್ಚಿ ಹೊಲೀರಿ. ಹತ್ತಿ ಕೊಳ್ಳವ್ರಿಲ್ಲ, ಈ ಸರಕಿಗೆ ಗಿರಾಕಿ ಅದಾರ. ಇದರಿಂದನ ನಿಮ್ಮ ಒಲಿ ಉರೀತಾವ."

"ಯಾರ್ರಿ ಗಿರಾಕಿ? ರಜಾಕಾರರೋ, ಶಿಬಿರದವರೋ?" ಹುಸೇನಬೀ ಕೇಳಿದಳು.

"ರೊಕ್ಕ ಕೊಟ್ಟವರು. ಇಬ್ರೂ ಕೊಡ್ತಾರ. ಗಡಿ ಮುಚ್ಚಿದಾಂವ ನಾನಲ್ಲ, ಜಗಳ ಹಚ್ಚಿದಾಂವನೂ ನಾನಲ್ಲ. ನಾ ಬಿಟ್ರ ಇನ್ನೊಬ್ಬ ತರ್ತಾನ. ಆಗ ನಿಮಗ ಉಪ್ಪೂ ಇಲ್ಲ, ಕೂಲೀನೂ ಇಲ್ಲ."

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಹೆಂಗಸರು ಮತ್ತೆ ದಬ್ಬಣ ಎತ್ತಿಕೊಂಡರು.

ಹುಸೇನಬೀ ಎದ್ದು ನಿಂತಳು. "ನನ್ನ ಮಗ, ಇಕಿ ತಮ್ಮ, ಒಬ್ಬರನ್ನೊಬ್ಬರು ಹೊಡ್ಯಾಕ ಒಂದ ಅಂಗಡ್ಯಾಗ ಮದ್ದು ಕೊಳ್ಳೂದೇನ್ರಿ? ಅದನ್ನ ನಾವ ಹೊಲ್ದು ಕೊಡೂದೇನ್ರಿ? ಉಪ್ಪಿಲ್ಲದ ಅಂಬಲಿ ಕುಡೀತೀವಿ."

ಹೊಲಿದಿಟ್ಟ ಚೀಲಗಳ ದಾರವನ್ನು ಅವಳು ಸರಸರನೆ ಬಿಚ್ಚಿದಳು. ಶಂಕ್ರಮ್ಮ ಅವುಗಳೊಳಗೆ ಹುದುಗಿಸಿದ್ದ ಡಬ್ಬಿಗಳನ್ನು ಹೊರಗೆ ತಂದು ಕಲ್ಲುಬಾನಿಯಲ್ಲಿ ಸುರಿದಳು. ಉಳಿದವರು ಕೊಡದ ಮೇಲೆ ಕೊಡ ನೀರು ಹೊಯ್ದರು. ಮದ್ದು ಕರಿ ರಾಡಿಯಾಯಿತು.

"ದಂಡಿನವರು ಬಂದ್ರ ನಿಮ್ಮ ಹೆಸರು ಹೇಳ್ತೀನಿ!" ಕೊಟ್ರಪ್ಪ ಕೂಗಿದ.

"ಹೇಳ್ರಿ. ಹುಸೇನಬೀ, ಪಿಂಜಾರ ಓಣಿ. ನನ್ನ ಬಾಗಿಲಿಗೆ ಚಿಲಕಾನೂ ಇಲ್ಲ."

"ನನ್ನ ಹೆಸರೂ ಹೇಳ್ರಿ," ಎಂದಳು ಶಂಕ್ರಮ್ಮ. ಉಳಿದ ನಾಲ್ವರೂ ಒಬ್ಬೊಬ್ಬರಾಗಿ ತಮ್ಮ ಹೆಸರು ಹೇಳಿದರು.

ಕೂಲಿ ಹೋಯಿತು. ನಾಲ್ಕನೆಯ ದಿನ ಬೆಳಿಗ್ಗೆ ಹೆಗಲಿಗೆ ಬಂದೂಕು ಹಾಕಿಕೊಂಡು ಬಾಬಾಸಾಬ ಮನೆಯ ಮುಂದೆ ನಿಂತ. ಕೊಟ್ರಪ್ಪ ದೂರು ಕೊಟ್ಟಿದ್ದ; ವಿಚಾರಿಸಲು ದಂಡಿನವರು ಅವನನ್ನೇ ಕಳಿಸಿದ್ದರು. ಒಳಗೆ ಶಂಕ್ರಮ್ಮನೂ ಇದ್ದಳು. ಅಂದಿನಿಂದ ಅವಳು ಗೆಳತಿಯನ್ನು ಒಂಟಿಯಾಗಿ ಬಿಟ್ಟಿರಲಿಲ್ಲ.

"ಅವ್ವಾ, ಮದ್ದು ಕೆಡಿಸಿದವರು ಯಾರು?"

"ನಾನು."

"ಹಂಗನಬ್ಯಾಡ. ನಾ ಹೋಗಿ ಏನಂತ ಹೇಳ್ಲಿ?"

"ನಮ್ಮವ್ವ ಕೆಡಿಸ್ಯಾಳಂತ ಹೇಳು. ಮತ್ತ ತಂದ್ರ ಮತ್ತ ಕೆಡಸ್ತಾಳಂತನೂ ಹೇಳು. ಇಲ್ಲಾಂದ್ರ ಹೋಗಬ್ಯಾಡ, ಒಳಗ ಬಾ. ಬಂದೂಕು ಮಾತ್ರ ಒಳಗ ಬರಂಗಿಲ್ಲ."

ಅವನು ತಾಯಿಯನ್ನು ನೋಡಿದ, ಅವಳ ಪಕ್ಕ ಕೂತಿದ್ದ ಶಂಕ್ರಮ್ಮನನ್ನು ನೋಡಿದ. ಚಿಕ್ಕಂದಿನಲ್ಲಿ ಅವನನ್ನೂ ತನ್ನ ತಮ್ಮನನ್ನೂ ಎರಡೂ ಕಂಕುಳಲ್ಲಿ ಎತ್ತಿಕೊಂಡು ತಿರುಗಿದವಳು ಅವಳು.

"ಅವ ಹೆಂಗದಾನ, ಅಕ್ಕಾ?" ಎಂದು ಕೇಳಿದ.

"ಗೊತ್ತಿಲ್ಲಪ್ಪ," ಎಂದಳು ಶಂಕ್ರಮ್ಮ. "ಅವನೂ ನಿನ್ನ ಬಗ್ಗೆ ಹಿಂಗ ಕೇಳ್ತಿರಬೇಕು."

ಬಾಬಾಸಾಬ ಹೆಗಲಿನಿಂದ ಬಂದೂಕು ಇಳಿಸಿ ಹೊರಗಿನ ಗೋಡೆಗೆ ಆನಿಸಿದ. ಆಮೇಲೆ ತಲೆ ಬಗ್ಗಿಸಿ, ಹೊಸ್ತಿಲು ದಾಟಿದ.